ಮಾವ ನೋಡಿದ ಮಿಂಚುಳ್ಳಿ

ಬಾಯಿ ಬಿಟ್ಟರೆ ಸಿನಿಮಾ ಮಾತು. ಅದಕ್ಕೇ ಮನೆಮಂದಿ ಆ ಕಾಲೇಜು ಹುಡುಗನಿಗಿಟ್ಟ ಹೆಸರು ಡೈಲಾಗ್. ಅವನ ಸೋದರಮಾವ ಶಾಲಾ ಬಸ್ಸಿನ ಡ್ರೈವರು, ಹಕ್ಕಿಹುಚ್ಚು. ನಾಳೆಗೆ ಬೇಸಿಗೆ ರಜೆ ಮುಗಿದು ಬಸ್ಸಿಗೆ ಮತ್ತೆ ನಲವತ್ತು ಮಕ್ಕಳು ಹತ್ತುತ್ತಾರೆ, ಡೈಲಾಗನ ಪುಟ್ಟ ತಂಗಿಯೂ ಸೇರಿ. ಅದಕ್ಕೆ ಮೊದಲು ಒಂದು ಸುತ್ತು ಹಕ್ಕಿ ನೋಡೋಣವೆಂದು ಮಾವ ಅಳಿಯನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದರು.

ಹೊಲಗಳನ್ನು, ಎರಡು ಕೆರೆಗಳನ್ನು ಮುಗಿಸಿ ಮೂರನೆಯದಕ್ಕೆ ಬಂದಾಗ ಮಾವ ಮುಖ ತೊಳೆಯಲು ನೀರಿಗಿಳಿದರು. ಡೈಲಾಗನಿಗೆ ಅಷ್ಟೇ ಸಾಕಿತ್ತು. ಅವರು ದಡದಲ್ಲಿ ಬಿಟ್ಟಿದ್ದ ದುರ್ಬೀನಿನ ಎರಡೂ ಗಾಜಿಗೆ, ಮನೆಯಿಂದಲೇ ತಂದಿದ್ದ ಕಪ್ಪು ಕಾಗದ ಮೆತ್ತಿಬಿಟ್ಟ.

"ಬನ್ನಿ ಮಾವ, ಹೀರೋ ಎಂಟ್ರಿ ಟೈಮು."

ಜೊಂಡಿನಾಚೆ ಎಲ್ಲೋ ಮಿಂಚುಳ್ಳಿ ಕೂಗಿತು. ಮಾವ ದುರ್ಬೀನು ಎತ್ತಿದರು. ಈಗ ಬೈತಾರೆ, ಈಗ ಕಿವಿ ಹಿಂಡ್ತಾರೆ ಎಂದು ಡೈಲಾಗ್ ತುಟಿ ಕಚ್ಚಿ ಕಾದ.

"ಅಗೋ, ಒಣಕೊಂಬೆ ಮೇಲೆ," ಅಂದರು ಮಾವ. "ಬೆನ್ನು ನೋಡೋ, ಎಂಥಾ ನೀಲಿ. ಕೊಕ್ಕಲ್ಲಿ ಮೀನು ಬೇರೆ."

ಕೊಂಬೆ ಖಾಲಿಯಿತ್ತು.

ಡೈಲಾಗ್ ಕೊಂಬೆ ನೋಡಿದ, ಮಾವನ ಮುಖ ನೋಡಿದ.

"ಮಾವ, ಗಾಜಿಗೆ ಕಾಗದ ಅಂಟಿಸಿದ್ದೆ."

ಮಾವ ದುರ್ಬೀನು ಇಳಿಸಲಿಲ್ಲ. ಬೆರಳಾಡಿಸಿ ಕಾಗದವನ್ನು ಮುಟ್ಟಿ ನೋಡಿದರು.

"ದುರ್ಬೀನು ಹಿಡಿದಾಗ ಕಣ್ಣು ಮುಚ್ಕೊಂಡು ಬರೀ ಕೂಗು ಕೇಳ್ತೀನಿ ಕಣೋ, ಮಿಕ್ಕಿದ್ದೆಲ್ಲ ಹಳೇ ನೆನಪು," ಅಂದರು ಕೊನೆಗೆ. "ಬಲಗಣ್ಣು ಹೋಗಿ ಎರಡು ವರ್ಷ. ಎಡಗಣ್ಣಿಗೆ ಈ ಬೇಸಿಗೇಲಿ ಬರೀ ಮಂಜು."

"ಬೆಳಿಗ್ಗೆಯಿಂದ ಗಾಡಿ ಓಡಿಸಿದ್ದು?"

"ದಾರಿ ಬಾಯಿಪಾಠ."

"ಅಡ್ಡ ಬರೋ ಮಕ್ಕಳು ಬಾಯಿಪಾಠ ಆಗಲ್ಲ ಮಾವ."

ಅವನ ಬಾಯಿಂದ ಹೊರಬಿದ್ದ ಮಾತುಗಳಲ್ಲಿ ಯಾವ ಸಿನಿಮಾದಲ್ಲೂ ಇಲ್ಲದ್ದು ಅದೊಂದೇ. ಬೆಳಿಗ್ಗೆ ಮಾವ ಲಾರಿಗೂ ಸೇತುವೆಯ ಕಟ್ಟೆಗೂ ನಡುವೆ ಸ್ಕೂಟರು ನುಸುಳಿಸಿದಾಗ ತಾನು ಹಿಂದೆ ಕೂತು ಶಿಳ್ಳೆ ಹೊಡೆದದ್ದು ನೆನಪಾಯಿತು.

"ಕೆಲಸ ಹೋಗತ್ತೋ. ಅತ್ತೆಗೆ ಹೇಳ್ಬೇಡ."

"ನಾನ್ಯಾಕೆ ಹೇಳ್ಲಿ? ನೀವೇ ಹೇಳ್ತೀರಿ. ಕೀ ಕೊಡಿ."

ಮಾವ ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. ಆಮೇಲೆ ಕೊಟ್ಟರು.

ಡೈಲಾಗ್ ಮಾವನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರು ಓಡಿಸಿದ. ಊರು ಹೊಕ್ಕ ಮೇಲೆ ಹಿಂದಿನಿಂದ ಮಾವ ಮೆಲ್ಲಗೆ ಅಂದರು, "ಮನೆ ತಿರುವು ಹೋಯ್ತು."

"ಹೌದು ಮಾವ. ಹೆಡ್‌ಮಾಸ್ಟರ ಮನೆಗೆ."

ಮಾವ ಇಳಿಸು ಅನ್ನಲಿಲ್ಲ. ಅವನ ಭುಜದ ಮೇಲಿದ್ದ ಕೈ ಮಾತ್ರ ಭಾರವಾಯಿತು.