ನಾಲ್ಕನೇ ಹಂತದ ಬಿಳಿ ಪಟ್ಟಿ

ಇಲಿಮನೆ ಆಟವನ್ನು ನನ್ನಷ್ಟು ಚೆನ್ನಾಗಿ ಆಡುವವನು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಆಟ ನೋಡಿ ನಾಚಿ ಬೇರೆ ಹವ್ಯಾಸ ಹಿಡಿದಿರಬೇಕು.

ನಾನು ಚಿಕ್ಕವನಿದ್ದಾಗ ಬಂದ ಆಟ ಅದು. ಒಂದು ಇಲಿ, ಲೆಕ್ಕವಿಲ್ಲದಷ್ಟು ಗೋಡೆ, ಎಲ್ಲೋ ಮೂಲೆಯಲ್ಲಿ ಅದರ ಬಿಲ. ಇಲಿಯನ್ನು ಬಿಲ ಮುಟ್ಟಿಸಬೇಕು, ಅಷ್ಟೇ. ಅದನ್ನು ಮಾಡಿದವರು ಎಂದೋ ಅಂಗಡಿ ಮುಚ್ಚಿದರು. ಅಭಿಮಾನಿಗಳು ಮಾತ್ರ ಬಿಡಲಿಲ್ಲ. ಮನೆಯಲ್ಲೇ ಕೂತು ತಮ್ಮದೇ ಗೋಡೆಗಳನ್ನು ಕಟ್ಟಿ ಹೊಸ ಇಲಿಮನೆಗಳನ್ನು ಮಾಡಿ ಫೋನಿನಲ್ಲಿರುವ ನಮ್ಮ ಬಳಗಕ್ಕೆ ಹಾಕುತ್ತಾರೆ. ಹಾಗೆ ಬಂದ ಪ್ರತಿ ಆಟದ ಗುಣದೋಷ ಬರೆಯುವ ಕೆಲಸ ನನ್ನದು. ಯಾರೂ ವಹಿಸಿದ್ದಲ್ಲ, ನಾನೇ ತಲೆ ಮೇಲೆ ಹೊತ್ತುಕೊಂಡದ್ದು. ನಾನು ಬರೆದರೆ ಬಳಗದ ಅರ್ಧ ಜನ ಊಟ ಬಿಟ್ಟು ಓದುತ್ತಾರೆ, ಇನ್ನರ್ಧ ಜನ ಓದಿ ಊಟ ಬಿಡುತ್ತಾರೆ.

ಹೊಟ್ಟೆಪಾಡಿಗೆ ನಾನೊಂದು ರಂಗಮಂದಿರದಲ್ಲಿ ದೀಪದವನು. ಪ್ರೇಕ್ಷಕರ ಬೆನ್ನ ಹಿಂದೆ, ಮೇಲುಗಡೆ, ಗಾಜಿನ ಗೂಡಿನಲ್ಲಿ ಕೂತು ಬೆಳಗು ಬೈಗು ಮಾಡುತ್ತೇನೆ. ಸೂರ್ಯ ನನ್ನ ಸ್ವಿಚ್ಚಿಗೆ ಕಾಯುತ್ತಾನೆ. ರಂಗವನ್ನು ನಾನು ನೋಡುವುದು ಯಾವಾಗಲೂ ಎದುರಿನಿಂದ. ಅದರ ಹಿಂಭಾಗದಲ್ಲಿ ಏನಿದೆಯೆಂದು ಇಣುಕಿದವನಲ್ಲ. ಸೂರ್ಯ ಅಡುಗೆಮನೆಗೆ ಹೋಗಿ ನೋಡುತ್ತಾನೆಯೇ? ಆ ಹಿಂಭಾಗದ ತುದಿಯಲ್ಲಿರುವ ಉಡುಪಿನ ಕೋಣೆ ನನ್ನ ಅತ್ತೆಯವರದು, ಅಂದರೆ ಹೆಂಡತಿಯ ತಾಯಿಯದು. ರಾಜರ ನಿಲುವಂಗಿಯಿಂದ ಭಿಕ್ಷುಕರ ಚಿಂದಿಯವರೆಗೆ ಎಲ್ಲವನ್ನೂ ಹೊಲಿಯುವುದು, ಒಗೆಸುವುದು, ಇಸ್ತ್ರಿ ಮಾಡಿ ತೂಗು ಹಾಕುವುದು ಅವರೇ. ನಮ್ಮ ಜೊತೆಯಲ್ಲೇ ಇದ್ದಾರೆ. ಮಾತು ಕಡಿಮೆ. ನಾನಿರುವ ಮನೆಯಲ್ಲಿ ಇನ್ನೊಬ್ಬರಿಗೆ ಮಾತಾಡಲು ಜಾಗವಾದರೂ ಎಲ್ಲಿದೆ?

ಕೆಲವು ತಿಂಗಳ ಹಿಂದೆ ಬಳಗಕ್ಕೆ ಒಂದು ಹೊಸ ಆಟ ಬಂತು. ಹೆಸರು ‘ಇಲಿಮನೆ: ಹಿಂಬಾಗಿಲು’. ಮಾಡಿದವರ ಜಾಗದಲ್ಲಿ ‘ಸೂಜಿ’ ಎಂದಷ್ಟೇ ಇತ್ತು. ಆಡಿ ನೋಡಿದೆ. ನಿಜ ಹೇಳಬೇಕೆಂದರೆ ಕೂತ ಕುರ್ಚಿಯಿಂದ ಎದ್ದು ನಿಂತು ಆಡಿದೆ. ದಾರಿ ತಪ್ಪಿದರೆ ಇಲಿಯ ಕಿವಿ ಜೋತು ಬೀಳುತ್ತಿತ್ತು, ಸರಿದಾರಿಗೆ ಬಂದರೆ ಮೀಸೆ ನೆಟ್ಟಗಾಗುತ್ತಿತ್ತು. ಬಿಲ ಹತ್ತಿರವಾದಂತೆ ದೂರದಲ್ಲಿ ಹೊಲಿಗೆ ಯಂತ್ರ ಓಡಿದಂಥ ಸಣ್ಣ ಸದ್ದು. ಒಂದು ಹಂತ ಮುಗಿಯುವಷ್ಟರಲ್ಲಿ ಒಂದು ಲೋಟ ಚಹಾ ಮುಗಿಯುತ್ತಿತ್ತು. ಪುರುಸೊತ್ತಿನಲ್ಲಿ ಆಡುವ ಆಟಕ್ಕೆ ಇದಕ್ಕಿಂತ ಸರಿಯಾದ ಅಳತೆ ಇಲ್ಲ.

ಎಡವಟ್ಟಾದದ್ದು ನಾಲ್ಕನೇ ಹಂತದಲ್ಲಿ. ಅಲ್ಲೊಂದು ಕಲ್ಲಿನ ಗೋಡೆ. ನೋಡಲು ಕೋಟೆಯ ಗೋಡೆ, ಆದರೆ ಇಲಿ ಅದರೊಳಗೆ ಗಾಳಿಯಂತೆ ನುಗ್ಗಿಬಿಡುತ್ತಿತ್ತು. ನುಗ್ಗಿದ ಕೂಡಲೇ ನೆಲದ ಮೇಲೆ ಅಡ್ಡಡ್ಡ ಒಂದು ಬಿಳಿ ಪಟ್ಟಿ. ಪಟ್ಟಿ ದಾಟಿದರೆ ಗುಂಡಿ. ಗುಂಡಿಗೆ ಬಿದ್ದರೆ ಮತ್ತೆ ಮೊದಲನೇ ಹಂತ. ನನ್ನಂಥ ಗಂಡುಗಲಿಯ ಇಲಿ ಪ್ರತಿ ಸಲವೂ ಅದರೊಳಗೆ ಬಿತ್ತು ಎಂದರೆ ದೋಷ ಆಟದ್ದಲ್ಲದೆ ಇನ್ಯಾರದು?

ಕಡಲು ಬತ್ತಿ ಹೋಗುವಷ್ಟು ಖಾರವಾಗಿ ಬರೆದೆ. ಗೋಡೆಯೆಂದರೆ ಗೋಡೆಯಾಗಿರಬೇಕು. ಅರ್ಥವಿಲ್ಲದ ಆ ಬಿಳಿ ಗೆರೆ ಬಣ್ಣ ಬಳಿಯುವಾಗ ಕೈತಪ್ಪಿ ಚೆಲ್ಲಿದ್ದು, ಒರೆಸಿ ಹಾಕಿ. ಕಣ್ಣಿಗೆ ಕಾಣದ ಕಡೆ ಗುಂಡಿ ತೋಡುವುದು ಆಡುವವರಿಗೆ ಮಾಡುವ ಮೋಸ, ಮುಚ್ಚಿ.

ಮನೆಯಲ್ಲಿ ಊಟಕ್ಕೆ ಕೂತಾಗ ಅದನ್ನೇ ಗಟ್ಟಿಯಾಗಿ ಓದಿ ಹೇಳಿದೆ. ಅತ್ತೆ ತಟ್ಟೆ ನೋಡುತ್ತಾ, ಆ ಗುಂಡಿ ಅಲ್ಲಿರೋದಕ್ಕೆ ಏನಾದರೂ ಕಾರಣ ಇರಬಹುದಲ್ಲವೇ ಎಂದು ಕೇಳಿದರು. ಆಟದ ಶಾಸ್ತ್ರ ಅವರಿಗೆ ತಿಳಿಯದು ಪಾಪ ಎಂದು ಊಟ ಆರಿ ಕಲ್ಲಾಗುವವರೆಗೂ ಬಿಡಿಸಿ ಹೇಳಿದೆ. ಮೇಜಿನ ಕೆಳಗೆ ಹೆಂಡತಿ ನನ್ನ ಕಾಲನ್ನು ಒದ್ದಳು. ಮೆಚ್ಚುಗೆ ಎಂದುಕೊಂಡೆ.

ವಾರ ಕಳೆಯುವುದರೊಳಗೆ ಸೂಜಿ ಆಟವನ್ನು ತಿದ್ದಿ ಹಾಕಿದ್ದರು. ಗೋಡೆ ಹಾಗೇ ಇತ್ತು, ಆದರೆ ಪಟ್ಟಿ ಮಾಯ, ಗುಂಡಿ ಮಾಯ. ಇಲಿ ಗೋಡೆಯೊಳಗೆ ನುಗ್ಗಿ ರಾಜಬೀದಿಯಲ್ಲಿ ನಡೆದಂತೆ ಬಿಲ ಸೇರಿತು. ನನ್ನ ಲೇಖನಿಯ ಹೊಡೆತಕ್ಕೆ ಪಾತಾಳವೇ ಮುಚ್ಚಿಹೋಯಿತು ಎಂದು ಬೀಗಿ, ತಿದ್ದಿದ ಆಟವನ್ನು ನನ್ನ ಕೈಯಾರೆ ಮಗಳ ಟ್ಯಾಬಿಗೂ ಹಾಕಿಕೊಟ್ಟೆ. ಮಗಳಿಗೆ ಏಳು ವರ್ಷ. ಊದಿದರೆ ಹಾರಿಹೋಗುವಷ್ಟು ತೆಳ್ಳಗೆ ಇರುವುದರಿಂದ ಎಲ್ಲರೂ ಕರೆಯುವುದು ಕಡ್ಡಿ ಎಂದು.

ಆ ದಿನ ಕಡ್ಡಿಗೆ ಶಾಲೆ ಇರಲಿಲ್ಲ. ನನ್ನ ಜೊತೆ ರಂಗಮಂದಿರಕ್ಕೆ ಬಂದಿದ್ದಳು. ಮಧ್ಯಾಹ್ನದ ತಾಲೀಮು ಇನ್ನೂ ಶುರುವಾಗಿರಲಿಲ್ಲ. ನನ್ನ ಗೂಡಿನಲ್ಲೇ ಕೂರುವ ಸದ್ದಿನವನು ಗುಡುಗು ಸರಿ ಮಾಡುತ್ತಿದ್ದ. ಕಿವಿಯ ತಮಟೆ ಹರಿದು ಪಕ್ಕದ ಬೀದಿಗೆ ಬೀಳುವಂಥ ಗುಡುಗು. ಅದರ ನಡುವೆಯೇ ನಾನು ಅವನಿಗೆ ನನ್ನ ವಿಮರ್ಶೆ ಓದಿ ಹೇಳುತ್ತಿದ್ದೆ. ತಿರುಗಿ ನೋಡಿದರೆ ಕುರ್ಚಿಯ ಮೇಲೆ ಟ್ಯಾಬ್ ಇತ್ತು, ಕಡ್ಡಿ ಇರಲಿಲ್ಲ.

ಬೀದಿಯ ಬಾಗಿಲಿಗೆ ಓಡಿದೆ. ಕಾವಲಿನವನು ಯಾರೂ ಹೊರಗೆ ಹೋಗಿಲ್ಲ ಎಂದ. ಶೌಚಾಲಯ, ಟಿಕೆಟ್ ಕಿಂಡಿ, ಕುರ್ಚಿಗಳ ಸಾಲು, ಎಲ್ಲ ಕಡೆ ಬಗ್ಗಿ ನೋಡಿ ಮತ್ತೆ ಗೂಡಿಗೆ ಬಂದೆ. ಅಷ್ಟರಲ್ಲಿ ಅತ್ತೆ, ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ಸಿಕ್ಕಿಸುವ ಲೋಹದ ಟೊಪ್ಪಿಯನ್ನೂ ತೆಗೆಯದೆ, ಹೊರಗಿನಿಂದ ಸುತ್ತಿಕೊಂಡು ಅಲ್ಲಿಗೆ ಬಂದರು. ಅಜ್ಜಿಯ ಹತ್ತಿರ ತಾನೇ ದಾರಿ ಹುಡುಕಿಕೊಂಡು ಬರುತ್ತೇನೆ ಎಂದು ಕಡ್ಡಿ ಬೆಳಿಗ್ಗೆಯೇ ಹೇಳಿದ್ದಳಂತೆ. ಇನ್ನೂ ಬಂದಿರಲಿಲ್ಲ.

ಅತ್ತೆಯ ಕಣ್ಣು ಟ್ಯಾಬಿನ ಮೇಲೆ ಬಿತ್ತು. ತೆರೆಯ ಮೇಲೆ ನಾಲ್ಕನೇ ಹಂತ. ಅದನ್ನು ಎತ್ತಿ ನನ್ನ ಮುಖಕ್ಕೆ ಹಿಡಿದರು.

“ಅಳಿಯಂದ್ರೇ, ಇವಳ ಹತ್ರ ಯಾವುದಿದೆ? ಹಳೇದೋ, ತಿದ್ದಿದ್ದೋ?”

“ತಿದ್ದಿದ್ದು. ನಾನೇ ಹಾಕಿಕೊಟ್ಟೆ. ಈಗ ಆಟದ ಮಾತು ಯಾಕೆ, ಅತ್ತೆ?”

“ಆ ಗೋಡೆ ಇಲ್ಲೇ ಇದೆ. ರಂಗದ ಹಿಂದೆ ಇರೋ ಕೋಟೆ ಗೋಡೆ. ಚೌಕಟ್ಟಿಗೆ ಬಡಿದಿರೋ ಬಟ್ಟೆ ಅದು, ನಡುವೆ ಸೀಳಿದೆ, ನಾವು ಅದರೊಳಗೇ ಓಡಾಡೋದು. ಅದರ ಹಿಂದೇನೇ ನೆಲಮಾಳಿಗೆಗೆ ಇಳಿಯೋ ನೆಲಬಾಗಿಲು. ರಿಪೇರಿಗೆ ಅಂತ ಈ ವಾರ ಪೂರ್ತಿ ಮುಚ್ಚಳ ತೆಗೆದಿಟ್ಟಿದ್ದಾರೆ.” ಅತ್ತೆ ಟ್ಯಾಬನ್ನು ಮಗುಚಿಟ್ಟರು. “ಸೂಜಿ ಅಂದ್ರೆ ನಾನೇ. ಕಡ್ಡಿ ಇಲ್ಲಿಗೆ ಬಂದಾಗ ದಾರಿ ತಪ್ಪಬಾರದು ಅಂತ ಇಲ್ಲಿರೋ ಹಾಗೇ ಮಾಡಿದ್ದೆ. ನೀವು ಹೇಳಿದ್ರಿ ಅಂತ ಗುಂಡಿ ಮುಚ್ಚಿದೆ.”

ಅತ್ತೆ ಸೂಜಿ ಎಂಬುದು ಒಂದು ಸಿಡಿಲು. ದಿನವೂ ನನ್ನ ಎದುರೇ ಕೂತು ಉಂಡ ಹೆಂಗಸು ಆ ಇಲಿಯ ಮೀಸೆ ನೆಟ್ಟಗೆ ಮಾಡಿದವರು! ಆದರೆ ಆ ಸಿಡಿಲಿಗೆ ಬೆಚ್ಚಲೂ ಪುರುಸೊತ್ತಿರಲಿಲ್ಲ. ತಿದ್ದಿದ ಆಟ ಕಲಿತ ಮಗು ಆ ಗೋಡೆಯೊಳಗೆ ನುಗ್ಗಿದರೆ ನಿಲ್ಲುವುದಿಲ್ಲ. ನಿಲ್ಲಬೇಕು ಎಂಬುದನ್ನು ಆಟದಿಂದ ಒರೆಸಿ ಹಾಕಿಸಿದವನು ನಾನು.

ಅತ್ತೆ ತಾವು ನೆಲಮಾಳಿಗೆಗೆ ಹೋಗುವುದಾಗಿ ಹೇಳಿ, ನಾನು ಮೇಲೆ ರಂಗದ ಕಡೆಯಿಂದ ಬರಬೇಕೆಂದೂ, ಏನೇ ಆದರೂ ಓಡಬಾರದೆಂದೂ ಎಚ್ಚರಿಸಿ ಹೋದರು. ನಾನು ಕಲ್ಲಾಗಿ ಅಲ್ಲೇ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು, ಯುಗವೇ ಇರಬೇಕು. ಮತ್ತೊಂದು ಗುಡುಗು ಬಡಿದಾಗ ಎಚ್ಚರವಾಯಿತು.

ಓಡಿದೆ. ಗಾಳಿ ನನ್ನ ಹಿಂದೆ ಏದುಸಿರು ಬಿಡುತ್ತಾ ಬಂತು. ರಂಗ ಹತ್ತಿದೆ. ನಾನು ಎಷ್ಟೋ ನಾಟಕಗಳಿಗೆ ಹುಣ್ಣಿಮೆಯ ಬೆಳಕು ಚೆಲ್ಲಿದ ಕೋಟೆಯ ಗೋಡೆ ಎದುರಿಗೆ ನಿಂತಿತ್ತು. ಹತ್ತಿರದಿಂದ ನೋಡಿದರೆ ಕಲ್ಲಿನ ಮೇಲೆ ಕುಂಚದ ಕೂದಲು ಅಂಟಿತ್ತು. ಸೀಳಿನಲ್ಲಿ ಕೈ ಹಾಕಿ ಒಳಗೆ ನುಗ್ಗಿದೆ.

ಮಬ್ಬುಗತ್ತಲು. ಕಾಲ ಬಳಿ ನೆಲದ ಮೇಲೆ ಅಡ್ಡಡ್ಡ ಏನೋ ಬೆಳ್ಳಗಿತ್ತು. ಪಕ್ಕದಲ್ಲೇ ಯಾರೋ ಸಣ್ಣಗೆ “ಹಲಗೆ, ಹಲಗೆ” ಎನ್ನುತ್ತಿದ್ದರು. ಎರಡನ್ನೂ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ನೆಲ ಮುಗಿದಿತ್ತು.

ಬಿದ್ದೆ. ಇಳಿಯುತ್ತಾ ನನ್ನ ಅಜ್ಜ ಮುತ್ತಜ್ಜಂದಿರನ್ನೆಲ್ಲ ಮಾತಾಡಿಸಿಕೊಂಡು ಬಂದೆ. ಎಲುಬೆಲ್ಲ ಪುಡಿಯಾಗಿ ಡಬ್ಬಿಗೆ ತುಂಬಬೇಕಾಗುತ್ತದೆ ಎಂದುಕೊಳ್ಳುವಾಗಲೇ ಮೆತ್ತಗಿನ ಏನೋ ಒಂದರ ಮೇಲೆ ಬಿದ್ದು ಮುಳುಗಿಹೋದೆ. ಕಣ್ಣು ಬಿಟ್ಟರೆ ನಿಲುವಂಗಿಗಳು, ರೇಷ್ಮೆ, ಮಖಮಲ್ಲು, ಸೈನಿಕರ ಕೋಟು. ಉಡುಪಿನ ಕೋಣೆಯ ಮೆಟ್ಟಿಲು ಇಳಿದರೆ ಸಿಗುವುದು ಈ ನೆಲಮಾಳಿಗೆಯೇ. ಸಂಜೆಯ ನಾಟಕಕ್ಕೆ ತೂಗು ಹಾಕಿದ್ದ ಉಡುಪುಗಳನ್ನೆಲ್ಲ ಅತ್ತೆ ಬಾಚಿ ತಂದು ನೆಲಬಾಗಿಲಿನ ಕೆಳಗೆ ಸುರಿದಿದ್ದರು. ಇನ್ನೊಂದು ಹೊರೆ ಅವರ ತೋಳಲ್ಲಿ ಇನ್ನೂ ಇತ್ತು. ಬಿದ್ದವನು ನಾನು, ಮಗುವಲ್ಲ ಎಂದು ಗೊತ್ತಾದಾಗ ಆ ಹೊರೆಯ ಮೇಲೇ ಕುಸಿದು ಕೂತರು.

“ಇಸ್ತ್ರಿ ಮಾಡಿಟ್ಟಿದ್ದೆ,” ಎಂದರು.

ಮೇಲೆ, ಗುಂಡಿಯ ಅಂಚಿನಲ್ಲಿ, ಕಡ್ಡಿಯ ಮುಖ ಕಾಣಿಸಿತು. ಪಟ್ಟಿಯಿಂದ ಒಂದಿಂಚೂ ಮುಂದೆ ಬರದೆ ಬಗ್ಗಿ ನೋಡುತ್ತಿದ್ದಳು.

“ಅಪ್ಪಾ, ಬಿಳಿ ಪಟ್ಟಿ ಬಂದ್ರೆ ನಿಲ್ಲಬೇಕು ಅಂತ ಗೊತ್ತಿಲ್ವಾ?”

“ನಿನಗೆ ಹೇಗೆ ಗೊತ್ತು? ನಿನ್ನ ಆಟದಲ್ಲಿ ಪಟ್ಟಿ ಎಲ್ಲಿದೆ?”

“ನೀವು ಹಾಕಿಕೊಟ್ಟಿದ್ದು ಬೋರು. ಅಜ್ಜಿ ಹೊಲೀತಿರುವಾಗ ಅಜ್ಜಿ ಫೋನಲ್ಲಿ ಹಳೇದನ್ನೇ ಆಡ್ತೀನಿ. ಪಟ್ಟಿ ಹತ್ರ ನಿಂತು ಇಲೀನ ಮುಟ್ಟಿದ್ರೆ ಅದು ಕೀಚ್ ಅನ್ನುತ್ತೆ, ಆ ಕಡೆಯಿಂದ ಹಲಗೆ ಬರುತ್ತೆ. ಇಲ್ಲೂ ದೊಡ್ಡೋರು ಹಾಗೇ ಕರೀತಾರೆ. ನಾನು ಎಷ್ಟು ಸಲ ಕರೆದೆ, ಯಾರೂ ಬರಲಿಲ್ಲ.”

ಆಮೇಲೆ ತಿಳಿಯಿತು. ರಂಗದ ಹಿಂಭಾಗದವರ ಪದ್ಧತಿ ಅದು. ನೆಲಬಾಗಿಲು ತೆರೆದಿದ್ದಾಗ ಬಿಳಿ ಪಟ್ಟಿಯ ಬಳಿ ನಿಂತು ಹಲಗೆ ಎಂದು ಕರೆಯಬೇಕು, ಆಚೆಯವರು ಹಲಗೆ ಹಾಕಿದ ಮೇಲೇ ದಾಟಬೇಕು. ಪರದೆಯ ಹಿಂದೆ ಗಟ್ಟಿಯಾಗಿ ಕೂಗಬಾರದು ಎಂಬುದೂ ಪದ್ಧತಿಯೇ. ಮಗು ಎರಡನ್ನೂ ಪಾಲಿಸಿ, ಗುಡುಗಿನ ನಡುವೆ ಮೆಲ್ಲಗೆ ಕರೆಯುತ್ತಾ ಅಲ್ಲೇ ನಿಂತಿತ್ತು. ನಾನು ಆ ಹಂತವನ್ನು ಅಷ್ಟು ಸಲ ಆಡಿಯೂ ಒಮ್ಮೆಯೂ ಪಟ್ಟಿಯ ಬಳಿ ನಿಂತವನಲ್ಲ. ಅಲ್ಲೊಂದು ಹಲಗೆ ಬರುತ್ತದೆ ಎಂಬುದೇ ನನಗೆ ಹೊಸ ಸುದ್ದಿ.

ರಂಗದಿಂದ ಇಳಿದು ಸುತ್ತಿಕೊಂಡು ಬಾ ಎಂದರೆ ಕಡ್ಡಿ ಒಪ್ಪಲಿಲ್ಲ. ಕೊನೆಗೆ ಅತ್ತೆ ಮೆಟ್ಟಿಲು ಹತ್ತಿ ಆಚೆ ಬದಿಗೆ ಹೋಗಿ ಹಲಗೆ ಹಾಕಿದರು. ರಾಜನ ನಿಲುವಂಗಿಯಲ್ಲಿ ಕುತ್ತಿಗೆಯವರೆಗೆ ಹೂತಿದ್ದ ನನ್ನ ತಲೆಯ ಮೇಲೆ, ಇಬ್ಬರ ನಡುವಿನ ಆ ಕಿರಿದಾದ ದಾರಿಯಲ್ಲಿ, ಮಗಳು ಮೀಸೆ ನೆಟ್ಟಗಾದ ಇಲಿಯಂತೆ ದಾಟಿ ಹೋದಳು. ಅಜ್ಜಿ ಅವಳನ್ನು ಅಪ್ಪಿಕೊಂಡದ್ದು ನನಗೆ ಕಾಣಲಿಲ್ಲ. ಬೆರಳಿನಿಂದ ಜಾರಿದ ಲೋಹದ ಟೊಪ್ಪಿ ಮಾತ್ರ ಟಣ್ಣೆಂದು ನನ್ನ ಹಣೆಗೆ ಬಿತ್ತು.

ಸಂಜೆಯ ನಾಟಕದಲ್ಲಿ ರಾಜ ಸುಕ್ಕುಬಿದ್ದ ನಿಲುವಂಗಿಯಲ್ಲೇ ಆಳಿದ. ಆ ಸುಕ್ಕು ಕಾಣದಂತೆ ನಾನು ಬೆಳಕು ಹಾಕಿದ ರೀತಿ ಮಾತ್ರ ಚರಿತ್ರೆಯಲ್ಲಿ ಉಳಿಯುತ್ತದೆ.

ಬಳಗಕ್ಕೆ ಹೊಸದಾಗಿ ಬರೆದೆ. ಗುಂಡಿ ಬೇಕು, ಇನ್ನೂ ಆಳವಾಗಿರಲಿ. ಪಟ್ಟಿ ಬೇಕು, ಇನ್ನೂ ಬೆಳ್ಳಗಿರಲಿ. ಬಿದ್ದವರಿಗೆ ಕೆಳಗೆ ಒಂದಿಷ್ಟು ಬಟ್ಟೆ ಹಾಕಿದರೆ ಉತ್ತಮ. ಇದನ್ನೂ ಊಟಕ್ಕೆ ಕೂತಾಗ ಓದಿದೆ. ಅತ್ತೆ ತಟ್ಟೆ ನೋಡುತ್ತಾ, “ಆಗಲಿ ಅಳಿಯಂದ್ರೇ, ಹೇಳಿ ನೋಡ್ತೀನಿ ಆ ಸೂಜಿಗೆ,” ಎಂದರು. ಹೆಂಡತಿ ಈ ಸಲ ಒದೆಯಲಿಲ್ಲ, ನಕ್ಕಳು.

ನಿನ್ನೆ ಮತ್ತೆ ತಿದ್ದಿದ ಆಟ ಬಂದಿದೆ. ನಾಲ್ಕನೇ ಹಂತಕ್ಕೆ ಹೋದೆ, ಗೋಡೆಯೊಳಗೆ ನುಗ್ಗಿದೆ, ಪಟ್ಟಿಯ ಬಳಿ ಜೀವಮಾನದಲ್ಲೇ ಮೊದಲ ಸಲ ನಿಂತೆ. ಇಲಿಯನ್ನು ಮುಟ್ಟಿದೆ, ಅದು ಕೀಚ್ ಎಂದಿತು. ಇದೇ ಆಟದಲ್ಲಿ ಕಡ್ಡಿಯ ಇಲಿಗೆ ಕಣ್ಣು ಮಿಟುಕಿಸುವುದರೊಳಗೆ ಹಲಗೆ ಬರುತ್ತದೆ. ನನ್ನದು ನಿನ್ನೆಯಿಂದ ಅಲ್ಲೇ ನಿಂತಿದೆ, ಕಿವಿ ಜೋತು ಬಿದ್ದಿದೆ, ಹಲಗೆ ಇನ್ನೂ ಬಂದಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆಯ ಹೊಲಿಗೆ ಯಂತ್ರ ಓಡುತ್ತಿದೆ. ದೋಷ ಎಂದು ಬರೆಯಲು ಧೈರ್ಯ ಸಾಲದೆ ಕಾಯುತ್ತಿದ್ದೇನೆ.