ಹೆಸರು ಕೂಗುವ ಮೆಟ್ಟಿಲು

ಅದು ಬಾಳೆದಿಂಡು, ಅವರಲ್ಲ, ಬಾಳೆದಿಂಡು ಅಷ್ಟೇ — ಈ ಕೆಂಪು ನೀರಿನಲ್ಲಿ ತೇಲಿಹೋಗುವುದೆಲ್ಲ ನನ್ನ ಗಂಡನ ಹಾಗೇ ಕಾಣುತ್ತದೆ, ಅವರು ಅಗೋ ಅಲ್ಲಿದ್ದಾರೆ, ನಡುನೀರಿಗೆ ಸಿಕ್ಕ ಹೊಂಗೆಮರದ ಕೊಂಬೆ ಹಿಡಿದು, ತಲೆ ಮುಳುಗುತ್ತದೆ, ಏಳುತ್ತದೆ, ಮೇಲೆ ಅಯ್ಯನಕೆರೆ ಕೋಡಿ ಬಿದ್ದಿದೆಯಂತೆ, ಹೊಳೆಗೆ ಇಳಿಯಬೇಡಿ ಅಂದೆ, ಬಿಡೇ, ಎತ್ತು ಹೊಂಟೋಯ್ತದೆ ಅಂದರು, ಆ ಎತ್ತು ಈಗ ದಡ ಸೇರಿ ಹುಲ್ಲು ಮೇಯುತ್ತಿದೆ, ಪಾಪಿ ಮುಂಡೇದು. ಪಕ್ಕದ ಹೊಲದ ಗಿಡ್ಡಪ್ಪ ಹಗ್ಗ ತರಲು ಊರಿಗೆ ಓಡಿದ್ದಾನೆ, ಬರುತ್ತಾನೆ, ಬಂದೇ ಬರುತ್ತಾನೆ — ಅತ್ತೆ ಸೆರಗು ಜಗ್ಗುತ್ತಿದ್ದಾರೆ, ಕೂಗೇ ಮಲ್ಲಿ, ಹೆಸ್ರಿಡಿದು ಕೂಗೇ, ಹೆತ್ತೋಳು ಕೂಗಿದ್ರೆ ಬರಲ್ಲ ಕಣೇ, ತಾತಯ್ಯ ಹೇಳಿರೋದು ಹೆಂಡ್ತಿಗೆ. ಫಕೀರ ತಾತಯ್ಯನ ಗೋರಿ ನನ್ನ ಬೆನ್ನಿಗೇ ಇದೆ, ಲೋಬಾನದ ಹೊಗೆ ಮೂಗಿಗೆ ಬಡಿಯುತ್ತಿದೆ, ನಿಂತಿರುವುದೂ ಹೆಸರು ಕೂಗುವ ಆ ಮೆಟ್ಟಿಲ ಮೇಲೆಯೇ. ಹಿಂದೆ ತಾತಯ್ಯ ಬದುಕಿದ್ದ ಕಾಲದಲ್ಲಿ ಯಾರದೋ ಗಂಡ ಹೊಳೆಪಾಲಾದಾಗ ಅವಳು ಇಲ್ಲೇ ನಿಂತು ಏನ್ರೀ, ಏನ್ರೀ ಎಂದು ಅಳುತ್ತಿದ್ದಳಂತೆ, ತಾತಯ್ಯ ಗದರಿದರಂತೆ, ಊರಿನ ಗಂಡಸ್ರೆಲ್ಲ ಏನ್ರೀನೇ, ಹೊಳೆ ಯಾರ್ನ ಅಂತ ಕೊಡ್ತದಮ್ಮ, ಹೆಸ್ರು ಹೇಳು, ಒಂದೇ ಸಲ — ಹೇಳಿದಳಂತೆ, ಗಂಡ ಎದ್ದು ಬಂದನಂತೆ. ಒಂದೇ ಸಲ. ಎರಡನೆಯ ಕೂಗನ್ನು ಹೊಳೆ ಕೇಳುವುದಿಲ್ಲ. ಗೋರಿಗೆ ದೀಪ ಹಚ್ಚುವ ಮಹಬೂಬ್ ಬಿ ನನ್ನ ಭುಜ ಬಿಗಿಹಿಡಿದಿದ್ದಾಳೆ, ತಡಿ ಮಗಳೇ, ಹಗ್ಗ ಬರ್ಲಿ, ಕೊಂಬೆ ಗಟ್ಟಿ ಐತೆ — ತಡೆಯಲೇ, ಕೂಗಲೇ, ಮದುವೆಯಾದಾಗಿನಿಂದ ಆ ಹೆಸರು ನನ್ನ ಬಾಯಿಗೆ ಬಂದಿಲ್ಲ, ಎಂಬತ್ತೊಂದರಲ್ಲಿ ಜನಗಣತಿಗೆ ಬಂದ ಮೇಷ್ಟ್ರು ಯಜಮಾನರ ಹೆಸರೇನಮ್ಮ ಎಂದಾಗ ಪಕ್ಕದ ಮನೆ ವಿಮಲಮ್ಮನನ್ನು ಕರೆದು ಹೇಳಿಸಿದ್ದೆ, ಅವರು ಒಳಗೆ ಕೂತು ನಕ್ಕರು, ಆಮೇಲೆ, ಒಂದ್ಸಲ ಕರ್ದು ನೋಡೇ, ನಾಲಿಗೆ ಏನ್ ಸುಡಲ್ಲ ಎಂದು ಕಾಡಿದರು, ಥೂ ಹೋಗ್ರೀ ಎಂದಿದ್ದೆ, ಕರೆಯಬೇಕಿತ್ತು, ಆಗಲೇ ಕರೆಯಬೇಕಿತ್ತು. ತಲೆ ಮುಳುಗಿತು, ಏಳಲಿಲ್ಲ, ಏಳಲಿಲ್ಲ, ಅತ್ತೆ ಬಾಯಿ ಬಡಿದುಕೊಂಡರು, ಎದ್ದಿತು, ಇನ್ನು ನನ್ನ ಕೈಲಾಗದು, ದೇವೀರಪ್ಪಾ — ಅವರ ಹೆಸರು, ಅದು ನನ್ನ ದನಿಯೇ, ಹೊಳೆಯ ಭೋರ್ಗರೆತವನ್ನೂ ದಾಟಿತು, ಕೇಳಿಸಿತು, ಅವರಿಗೆ ಕೇಳಿಸಿತು, ಹಗ್ಗ ಬಂತು, ಹಗ್ಗ ಬಂತು ಎಂದು ಗಿಡ್ಡಪ್ಪ ಹಿಂದಿನಿಂದ ಓಡಿಬರುತ್ತಿದ್ದಾನೆ, ಅವರು ನನ್ನತ್ತ ತಿರುಗಿದರು, ಮುಖದಲ್ಲಿ ನಗುವೋ ಬೆರಗೋ, ಓಗೊಡುವವರಂತೆ ಕೈ ಎತ್ತಿದರು, ಕೊಂಬೆ ಹಿಡಿದಿದ್ದ ಕೈ — ಕೊಂಬೆ ಮೇಲಕ್ಕೆ ಚಿಮ್ಮಿತು, ಎಲೆಗಳಿಂದ ನೀರು ತೊಟ್ಟಿಕ್ಕುತ್ತಿದೆ, ಕೈ ಎತ್ತಿದರು, ಕೊಂಬೆ ಚಿಮ್ಮಿತು, ನಾನು ಕರೆದೆನೆಂದೇ ಕೈ ಎತ್ತಿದರು, ಕೊಂಬೆ, ಬರೀ ಕೊಂಬೆ