ಅಕ್ಕನನ್ನು ಎತ್ತುವ ಕಥೆ

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ಬಚ್ಚಲಮನೆಯಿಂದ ಎತ್ತಿಕೊಂಡರೆ ನಿಮಗೆ ಗಾಬರಿ. ನಡುಮನೆಯ ಗೋಡೆಯ ಮೇಲೆ ಮೂಡಿರುವ ಎರಡು ಅಂಗೈ ಗುರುತಿನಿಂದ ಎತ್ತಿಕೊಂಡರೆ ಪತ್ತೇದಾರಿ ಕಥೆ ಅಂದುಕೊಳ್ಳುತ್ತೀರಿ. (ಗುರುತು ಈ ಕಥೆಯ ಟೀಚರದೇ. ಬೆವರಿನದು. ಕೊಲೆ ಆಗಿಲ್ಲ.)

ಬಚ್ಚಲಮನೆಯೇ ಆಗಲಿ. ಒಂದು ಬೆಳಿಗ್ಗೆ ಅಕ್ಕ ಅಲ್ಲಿ ಕುಸಿದು ಕೂತಳು. ಅವಳಿಗೆ ಅರವತ್ತಾರು, ಹೋದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಎಡಗಾಲು ಅರ್ಧ ಮಾತು ಮಾತ್ರ ಕೇಳುತ್ತದೆ. ಅವಳ ತಂಗಿಗೆ ಐವತ್ತೆಂಟು, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಟೀಚರ್ ಓಡಿ ಬಂದು ಅಕ್ಕನ ಕಂಕುಳಿಗೆ ಕೈಕೊಟ್ಟು ಎಳೆದರು. ಅಕ್ಕ ಅಲುಗಲಿಲ್ಲ. ಮತ್ತೊಮ್ಮೆ ಎಳೆದರು. ಅಲುಗಿದ್ದು ಟೀಚರ ಸೊಂಟ. ಕೂಗು ಕೇಳಿ ಎದುರುಮನೆಯವರು ಬರುವವರೆಗೆ ಇಬ್ಬರೂ ಒದ್ದೆ ನೆಲದ ಮೇಲೆ ಮುಕ್ಕಾಲು ಗಂಟೆ ಕೂತಿದ್ದರು.

ಸಂಜೆ ಇಬ್ಬರ ತಮ್ಮ ಫೋನ್ ಮಾಡಿದ.

"ನೋಡು ಸಣ್ಣಕ್ಕ, ನಿನ್ನ ಕೈಲಿ ಎತ್ತೋಕಾಗಲ್ಲ ಅಂದ್ರೆ ದೊಡ್ಡಕ್ಕನ್ನ ಆರೈಕೆ ಕೇಂದ್ರಕ್ಕೆ ಸೇರಿಸೋದೇ ಸರಿ. ನಾನು ಕೆಟ್ಟವನಲ್ಲ."

"ಕೆಟ್ಟವನು ಅಂತ ಯಾರು ಹೇಳಿದ್ರು?"

"ನೀನು ಸುಮ್ನಿದ್ಯಲ್ಲ, ಅದಕ್ಕೆ ಹೇಳ್ದೆ."

ಕೊನೆಗೆ ಮೂರು ತಿಂಗಳು ಅಂತಾಯಿತು. ಅಷ್ಟರೊಳಗೆ ಟೀಚರ್ ಅವನ ಕಣ್ಣೆದುರು ಅಕ್ಕನನ್ನು ನೆಲದಿಂದ ಎಬ್ಬಿಸಿ ತೋರಿಸಬೇಕು. (ಅವನನ್ನು ಖಳನಾಯಕ ಮಾಡಲು ನನಗೂ ಆಸೆಯಿತ್ತು. ಆದರೆ ಹದಿನೈದು ದಿನಕ್ಕೊಮ್ಮೆ ಬಂದು ದೊಡ್ಡಕ್ಕನ ಕಾಲುಗುರು ಕತ್ತರಿಸುವವನು ಅವನೇ. ಆಸೆ ಕೈಬಿಟ್ಟೆ.)

೨

ನಾನು ಬರೆದ ಮೊದಲ ಕರಡಿನಲ್ಲಿ, ವ್ಯಾಯಾಮ ಹೇಳಿಕೊಡಲು ಮನೆಗೆ ಬರುವ ಫಿಸಿಯೋ, ಟೀಚರ ಹಳೆಯ ವಿದ್ಯಾರ್ಥಿನಿ. ಬಾಗಿಲಲ್ಲೇ ನಿಂತು, "ಟೀಚರ್, ನೀವು ನನಗೆ ಐವತ್ತು ಬಸ್ಕಿ ಹೊಡೆಸಿದ್ರಿ, ನೆನಪಿದ್ಯಾ?" ಅನ್ನುತ್ತಾಳೆ. ಟೀಚರ ಕಣ್ಣು ತುಂಬುತ್ತದೆ.

ಟೀಚರ್ ಓದಿ ನೋಡಿ, ಕೆಂಪು ಪೆನ್ನಿನಲ್ಲಿ ಉದ್ದಕ್ಕೂ ಗೆರೆ ಎಳೆದರು.

"ಇದೇನ್ರೀ, ಸಿನಿಮಾನಾ?"

"ಓದುವವರಿಗೆ ಹಿಡಿಸುತ್ತೆ ಟೀಚರ್," ನಾನಂದೆ.

"ಹಿಡಿಸ್ಲಿ. ನಡೆದಿಲ್ವಲ್ಲ. ಬಸ್ಕಿ ಹೊಡೆಸಿದ್ದು ನಿಜ, ಅದನ್ನ ಇಟ್ಕೊಳ್ಳಿ. ಯಾರೂ ಬಂದು ಕ್ಷಮಿಸಿಲ್ಲ. ಅದನ್ನೂ ಇಟ್ಕೊಳ್ಳಿ."

೨ (ಮತ್ತೆ)

ನಿಜವಾದ ಫಿಸಿಯೋ ಯಾರೋ ಏನೋ, ಯಾವಾಗಲೂ ಗಡಿಬಿಡಿ, ಚಪ್ಪಲಿ ಬಿಡುತ್ತಲೇ ಮಾತು ಶುರು ಮಾಡುವವಳು.

"ಎಳೀಬಾರ್ದು ಮೇಡಂ. ಅವರು ಮಂಡಿ ಊರ್ಲಿ, ಕುರ್ಚಿ ಹಿಡ್ಕೊಳ್ಲಿ, ನೀವು ಸೊಂಟಕ್ಕೆ ಆಸರೆ ಕೊಡಿ. ಬಲ ಬರ್ಬೇಕಾದ್ದು ಕೈಯಿಂದಲ್ಲ, ತೊಡೆಯಿಂದ. ಜಿಮ್ ಬೇಡ, ಡಂಬೆಲ್ ಬೇಡ. ನಿಮ್ಮ ಮೈಭಾರಾನೇ ಸಾಕು."

"ಅದು ಬೇಕಾದಷ್ಟಿದೆ," ಒಳಗಿನಿಂದ ಅಕ್ಕ ಅಂದಳು.

ಫಿಸಿಯೋ ಚೀಟಿಯಲ್ಲಿ ಬರೆದುಕೊಟ್ಟಳು: ಗೋಡೆಗೆ ಕೈಕೊಟ್ಟು ದಂಡ, ಹತ್ತು. ಕುರ್ಚಿಯಿಂದ ಎದ್ದು ಕೂತು ಬಸ್ಕಿ, ಹತ್ತು. ಅಂಗಾತ ಮಲಗಿ ಸೊಂಟ ಎತ್ತುವುದು, ಹತ್ತು. ದಿನ ಬಿಟ್ಟು ದಿನ.

ಗಮನಿಸಿದಿರಾ, ಮೈ ಗಟ್ಟಿ ಮಾಡಿಕೊಳ್ಳಲು ನಮ್ಮ ಭಾಷೆ ಕೊಟ್ಟಿರುವ ಎರಡು ಮಾತೂ ಶಿಕ್ಷೆಯವೇ. ತಪ್ಪು ಮಾಡಿದವರು ತೆರುವುದು ದಂಡ, ಹೋಂವರ್ಕ್ ಮರೆತವರು ಹೊಡೆಯುವುದು ಬಸ್ಕಿ. ಅದೂ ಸಾಲದೆ, ಕೆಲಸಕ್ಕೆ ಬಾರದ್ದನ್ನೂ ದಂಡ ಅಂತಲೇ ಕರೆದುಬಿಟ್ಟಿದ್ದೇವೆ.

೪

ಮೊದಲ ದಿನ ಏಳನೇ ಬಸ್ಕಿಗೆ ಟೀಚರ್ ಕುರ್ಚಿಯಲ್ಲೇ ಉಳಿದರು. ತೊಡೆ ಅದರ ಪಾಡಿಗೆ ಅದು ಅದುರುತ್ತಿತ್ತು. ಮೂವತ್ತು ವರ್ಷ 'ಐವತ್ತು' ಅನ್ನುವುದು ಅವರ ಬಾಯಲ್ಲಿ ಒಂದು ಸಂಖ್ಯೆಯಾಗಿತ್ತು, ಐದ್ಹತ್ಲೆ ಐವತ್ತು. ಅದು ಏಳಕ್ಕೇ ಹೀಗೆ ಅದುರಿಸುತ್ತದೆ ಅಂತ ಯಾವ ಮಗ್ಗಿಯಲ್ಲೂ ಇರಲಿಲ್ಲ. ಹಿಂದೊಮ್ಮೆ ಮೂರನೇ ಬೆಂಚಿನ ಒಬ್ಬ ಹುಡುಗಿ ಮೂವತ್ತೊಂದಕ್ಕೆ ಕುಸಿದು ಕೂತಿದ್ದಳು. "ನಾಟಕ ಸಾಕು, ಏಳು," ಅಂದಿದ್ದರು. ಆ ಹುಡುಗಿಯ ಹೆಸರು ಮರೆತಿದೆ. ಮೂವತ್ತೊಂದು ಮರೆತಿಲ್ಲ.

("ಮೂರನೇ ಭಾಗ ಎಲ್ರೀ?" ಲೆಕ್ಕದ ಟೀಚರಲ್ಲವೇ, ಅವರ ಕಣ್ಣಿಗೆ ಬಿತ್ತು. ಅಲ್ಲಿ ಆ ಹುಡುಗಿಗೆ ಒಂದು ಒಳ್ಳೆಯ ಬದುಕು ಬರೆದಿದ್ದೆ, ಇವರಿಗೆ ಸಮಾಧಾನವಾಗಲಿ ಅಂತ. ಹರಿದು ಹಾಕಿದೆ.)

೫

ದಂಡ ಗೋಡೆಯಿಂದ ತಗ್ಗಿನ ಅಡುಗೆಕಟ್ಟೆಗೆ ಇಳಿಯಲು ಐದು ವಾರ ಹಿಡಿಯಿತು. ಹಾಲು ಉಕ್ಕುವುದರೊಳಗೆ ಹನ್ನೆರಡು ದಂಡ. ಎಣಿಸುವುದು ಅಕ್ಕನ ಕೆಲಸ.

"ಏಳು… ಎಂಟು… ಎಂಟು…"

"ಎಂಟು ಆಗ್ಲೇ ಅಂದ್ಯಲ್ಲೇ."

"ಮೊದಲ್ನೇದು ಅರ್ಧ ಬಗ್ಗಿದ್ದು, ಇದೂ ಅರ್ಧ. ಎರಡರ್ಧ ಸೇರಿದ್ರೆ ಎಷ್ಟು? ನೀನೇ ಟೀಚರ್."

"ನಗಿಸ್ಬೇಡ, ಬಿದ್ದುಬಿಡ್ತೀನಿ."

"ಅರವತ್ತಕ್ಕೆ ಅರಳು ಮರಳು ಅಂತಾರೆ. ನಿನಗೆ ಎರಡು ವರ್ಷ ಮುಂಚೇನೇ ಬಂತು."

ಹತ್ತನೇ ವಾರ ಟೀಚರ್ ಸ್ಕೂಲಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದರು. ಮೇಲೆ ನಿಂತಾಗ ಖುಷಿಯ ಹಿಂದೆಯೇ ಒಂದು ಯೋಚನೆ ಬಂತು: ಈ ಬಲ ಅಕ್ಕನಿಗಾಗಿಯೋ, ಖಾಲಿ ಮನೆಯ ಬೀಗ ತಾನೇ ತೆಗೆಯಬೇಕಾದ ಸಂಜೆಗಳಿಗೆ ಹೆದರಿಯೋ? ಉತ್ತರ ಹೊಳೆಯುವ ಮುಂಚೆ ಗಂಟೆ ಹೊಡೆಯಿತು. ಎಂಟನೇ ಕ್ಲಾಸಿಗೆ ಭಿನ್ನರಾಶಿ ಇತ್ತು.

೬

ಗಡುವಿನ ಭಾನುವಾರ. ತಮ್ಮ ಹತ್ತಕ್ಕೆ ಬರುತ್ತಾನೆ. ಅವನು ಬರುವ ಮುಂಚೆ ಒಂದು ಸಲ ರಿಹರ್ಸಲ್ ಅಂತ ಟೀಚರ್ ನಡುಮನೆಯಲ್ಲಿ ಚಾಪೆ ಹಾಸಿದರು, ಪಕ್ಕಕ್ಕೆ ಕುರ್ಚಿ ಇಟ್ಟರು. ಅಕ್ಕ ತಂಗಿಯ ಹೆಗಲು ಹಿಡಿದು, ಕಾಲು ಜಾರಿಸುತ್ತ ಜಾರಿಸುತ್ತ ನೆಲ ಮುಟ್ಟಿದಳು.

ಈಗ ನನ್ನ ಹತ್ತಿರ ಎರಡು ಮುಕ್ತಾಯಗಳಿವೆ.

ಅ. ಟೀಚರ್ ಒಂದೇ ದಮ್ಮಿಗೆ ಅಕ್ಕನನ್ನು ನಿಲ್ಲಿಸುತ್ತಾರೆ. ತಮ್ಮ ಕಣ್ಣೊರೆಸಿಕೊಳ್ಳುತ್ತಾನೆ. ("ಎಳೀಬಾರ್ದು ಅಂತ ಫಿಸಿಯೋ ಬಡ್ಕೊಂಡ್ಳಲ್ರೀ," ಟೀಚರ್ ಅಂದರು.)

ಆ. ಸೊಂಟ ಹಿಡಿದುಕೊಳ್ಳುತ್ತದೆ. ಇಬ್ಬರೂ ಆರೈಕೆ ಕೇಂದ್ರಕ್ಕೆ, ಅಕ್ಕಪಕ್ಕದ ಮಂಚಕ್ಕೆ. ("ಬೇಡಪ್ಪ, ಅಲ್ಲಿರೋರಿಗೆಲ್ಲ ಬಸ್ಕಿ ಹೊಡೆಸ್ತಾಳೆ," ಅಕ್ಕ ಅಂದಳು.)

ಎರಡೂ ಅವರಿಗೆ ಒಪ್ಪಿಗೆಯಿಲ್ಲ. ಆದ್ದರಿಂದ ಆದದ್ದನ್ನು ಹೇಳುತ್ತೇನೆ.

"ಏಳೋಣ್ವಾ?" ಟೀಚರ್ ಕೇಳಿದರು.

"ಇರು." ಅಕ್ಕ ಅಂಗೈಯನ್ನು ನೆಲದ ಮೇಲೆ ಹರವಿದಳು. "ನೆಲದ ಮೇಲೆ ಕೂತು ಹದಿನಾಲ್ಕು ತಿಂಗಳಾಯ್ತು ಕಣೇ. ಬಿದ್ದಿದ್ದು ಲೆಕ್ಕಕ್ಕಿಲ್ಲ. ಮೇಜಿನ ಕೆಳಗೆ ನೋಡು, ಎಷ್ಟು ಧೂಳು. ಅದೇನು ಗುಡಿಸ್ತೀಯೋ."

ಟೀಚರೂ ಅವಳ ಎದುರಿಗೆ ಕೂತರು. ಕೈ ಊರದೆ ಕೂತೆ ಅನ್ನುವುದು ಕೂತ ಮೇಲೆ ತಿಳಿಯಿತು. ಅದನ್ನು ಹೇಳಬೇಕು ಅನ್ನುವಷ್ಟರಲ್ಲಿ ಬೆಲ್ ಆಯಿತು.

"ಬಂದ. ಏಳು ಅಕ್ಕ, ಮಂಡಿ ಊರು."

ಅಕ್ಕ ತಂಗಿಯ ಮೊಣಕಾಲ ಮೇಲೆ ಕೈಯಿಟ್ಟಳು. "ನಿನ್ನ ಕೈಲಿ ಆಗುತ್ತೆ ಅಂತಾನೇ ಇಟ್ಕೋ. ಆಗ್ಲಿಲ್ಲ ಅಂತಾನೂ ಇಟ್ಕೋ. ನಾನಿಲ್ಲಿ ಇರ್ತೀನೋ ಹೋಗ್ತೀನೋ ಅಂತ ನೀವಿಬ್ರೂ ಒಂದು ದಿನ ನನ್ನ ಕೇಳಿದ್ರಾ? ಅವನು ಗಡುವು ಕೊಟ್ಟ, ನೀನು ದಂಡ ಹೊಡೆದೆ."

ಮೂರು ತಿಂಗಳ ಲೆಕ್ಕದಲ್ಲಿ ಇದೊಂದು ಹೆಜ್ಜೆಯನ್ನೇ ಟೀಚರ್ ಬಿಟ್ಟಿದ್ದರು. ಉತ್ತರ ಸರಿಯಿದ್ದರೂ ಹೆಜ್ಜೆ ಬಿಟ್ಟ ಮಕ್ಕಳಿಗೆ ಅವರು ಅರ್ಧ ಅಂಕ ಕಳೆಯುವವರು.

ಮತ್ತೆ ಬೆಲ್.

ಎತ್ತಿದರೋ ಇಲ್ಲವೋ ಹೇಳಿಬಿಡು ಅನ್ನುತ್ತೀರಿ, ಗೊತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಮುಗಿಸಲಾರದವಳು ಮುಕ್ತಾಯವೇ ಬೇಡ ಅಂದಳಂತೆ. ಆಡಿಕೊಳ್ಳಿ. ಆದರೆ ಅಕ್ಕ ಏನನ್ನುತ್ತಾಳೆ ಅಂತ ಗೊತ್ತಾಗದೆ ಅವಳನ್ನು ಎಲ್ಲಿಗೆ ಎತ್ತಿಡಲಿ?

"ಸರಿ," ಟೀಚರ್ ಅಂದರು. "ಈಗ ಕೇಳ್ತಿದ್ದೀನಿ. ನಿನಗೇನು ಬೇಕು?"

"ಯೋಚ್ನೆ ಮಾಡೋಕೆ ಬಿಡು. ಇದೇ ಮೊದಲ್ನೇ ಸಲ ಕೇಳ್ತಿರೋದು."

ಬಾಗಿಲಾಚೆ ತಮ್ಮ ಬೆಲ್ ಬಿಟ್ಟು ಬಾಗಿಲನ್ನೇ ಬಡಿಯತೊಡಗಿದ. "ದೊಡ್ಡಕ್ಕ? ಸಣ್ಣಕ್ಕ? ಬಿದ್ರಾ?"

"ಇಲ್ಲ ಕಣೋ, ಬಂದೆ ಇರು," ಟೀಚರ್ ಕೂಗಿ ಹೇಳಿದರು. ಏಳಲಿಲ್ಲ.